ಬೆನ್ನು ಆನಿಸದ ಗೋಡೆ

ಸರ್ಕಾರ ಸೋತಾಗಿತ್ತು. ಕುರ್ಚಿ ಬಿಟ್ಟು ಏಳುವುದೊಂದೇ ಬಾಕಿ. ಏಳುವ ಮುಂಚೆ ಸಮುದ್ರದ ಗೋಡೆ ಮುಗಿಯಬೇಕು ಅಂತ ಮೇಲಿನಿಂದ ಅಪ್ಪಣೆ ಬಂತು. ಐದು ವರ್ಷದಲ್ಲಿ ಆಗದ ಗೋಡೆ ಒಂದು ವಾರದಲ್ಲಿ ಆಗಬೇಕು. ಆಗದೆ ಏನು. ಕಟ್ಟುವುದಿದ್ದರೆ ತಾನೆ ಹೊತ್ತು ಹಿಡಿಯುವುದು. ಇದು ಬಳಿಯುವ ಕೆಲಸ.

ಓಣಿಯ ಮುಂದೆ, ನೀರಿನ ಅಂಚಿಗೆ, ಮರಳು ತುಂಬಿದ ಚೀಲಗಳನ್ನು ಆಳೆತ್ತರ ಪೇರಿಸಿದ್ದರು. ಹೋಟೆಲಿನ ಕಾಂಪೌಂಡು ಮುಗಿಯುವಲ್ಲಿ ಶುರುವಾಗಿ ಓಣಿಯ ಕೊನೆ ಮನೆಯವರೆಗೆ ಚೀಲವೇ ಚೀಲ. ಹೋಟೆಲಿನ ಮುಂದೆ ಮಾತ್ರ ಕಲ್ಲಿನ ಗೋಡೆ, ಆನೆ ಗುದ್ದಿದರೂ ಅಲ್ಲಾಡದ್ದು. ಈ ಕಡೆಯ ಚೀಲಗಳಿಗೆ ಕೋಳಿಗೂಡಿನ ತಂತಿ ಜಾಲರಿ ಹೊಡೆಯಬೇಕು, ಜಾಲರಿಯ ಮೇಲೆ ಬೆರಳು ದಪ್ಪ ಗಾರೆ ಮೆತ್ತಬೇಕು, ನಯ ಮಾಡಿ ಬೂದು ಬಣ್ಣ ಹೊಡೆಯಬೇಕು. ಆಯಿತು, ಗೋಡೆ. ಮೇಲೆ ಥಳಕು, ಒಳಗೆ ಹುಳುಕು. ದೂರದಿಂದ ಫೋಟೋ ತೆಗೆದರೆ ಹೋಟೆಲಿನ ಗೋಡೆಯೂ ಇದೂ ಒಂದೇ.

ಗಾರೆ ಮೆತ್ತುತ್ತಿದ್ದವಳನ್ನು ಎಲ್ಲರೂ ಗಾರೆಯಕ್ಕ ಅನ್ನುತ್ತಿದ್ದರು. ಹೆಂಗಸಿನ ಕೈಗೆ ಗಾರೆ ಮೆತ್ತುವ ಕರಣೆ ಕೊಡುವುದು ಆ ಕಸುಬಿನಲ್ಲಿ ಇರಲಿಲ್ಲ. ಹೆಂಗಸು ಬಾಂಡಲಿ ಹೊರಬೇಕು, ಮರಳು ಜರಡಿ ಹಿಡಿಯಬೇಕು, ಬೈದರೆ ಬೈಸಿಕೊಳ್ಳಬೇಕು. ಇವಳಿಗೆ ಕರಣೆ ಹಿಡಿಯಲು ಕಲಿಸಿದವನು ಮಾವ, ಗಂಡನ ಅಪ್ಪ. ಆ ಕಾಲಕ್ಕೆ ಅವನದೇ ತಂಡ. "ಕೈಗೆ ಗಂಡು ಹೆಣ್ಣು ಅಂತ ಇರುತ್ತಾ" ಅಂದಿದ್ದ. ಈಗ ತಂಡ ಇವಳ ಅಣ್ಣನದು. ಅವನೇ ಮೇಸ್ತ್ರಿ. ಈ ಕೆಲಸ ಹಿಡಿದು ತಂದವನೂ ಅವನೇ.

ಅವಳು ಬೆಳಿಗ್ಗೆಯಿಂದ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಸಾಲು ಮೆತ್ತುತ್ತಿದ್ದಳು. ಕೈಗವಸು ಇಲ್ಲ. ಹಸಿ ಸಿಮೆಂಟು ಬೆರಳ ಸಂದಿಗಳನ್ನು ತಿಂದು ಕೆಂಪಗೆ ತೂತು ಮಾಡಿತ್ತು. ಜೊತೆಯವರು ಆಗಾಗ ಕೈ ತೊಳೆದು ಎಣ್ಣೆ ಹಚ್ಚಿಕೊಂಡು ಬರುತ್ತಿದ್ದರು. ಇವಳು ಏಳಲೇ ಇಲ್ಲ. ಉರಿ ಗೊತ್ತಾಗುತ್ತಿರಲಿಲ್ಲ. ಹೋದ ವರ್ಷದಿಂದ ಹಾಗೇ. ಬಿಸಿ ಪಾತ್ರೆ ಬರಿಗೈಲಿ ಇಳಿಸುತ್ತಾಳೆ, ಆಮೇಲೆ ಕೈ ನೋಡಿಕೊಂಡು ಓ ಸುಟ್ಟಿದೆ ಅನ್ನುತ್ತಾಳೆ.

ಎದುರುಮನೆಯ ದರ್ಜಿ ಅತ್ತಿಗೆ ಟೀ ತಂದಳು. ಸಂಬಂಧದಲ್ಲಿ ಅವಳು ಯಾರಿಗೂ ಏನೂ ಆಗಬೇಕಿಲ್ಲ, ಓಣಿಗೆಲ್ಲ ಅತ್ತಿಗೆ. ಈ ಚೀಲಗಳನ್ನು ಹೊಲಿದವಳು ಅವಳು. ಚೀಲದ ಬಟ್ಟೆಯದೇ ಒಂದು ಕಥೆ. ಸರ್ಕಾರ ರಾಜಧಾನಿಯಲ್ಲಿ ಹವಾಮಾನದ ಸಮ್ಮೇಳನ ಮಾಡಿ, ಬೀದಿಬೀದಿಗೆ ಮಂತ್ರಿಯ ಮುಖದ ಫ್ಲೆಕ್ಸು ಕಟ್ಟಿತ್ತು. ಸಮ್ಮೇಳನ ಮುಗಿದ ಮೇಲೆ ಆ ಫ್ಲೆಕ್ಸುಗಳು ಲಾರಿಯಲ್ಲಿ ಓಣಿಗೆ ಬಂದವು, ಹರಿದು ಚೀಲ ಹೊಲಿಯಿರಿ ಅಂತ. ಅದನ್ನೂ ಸಾಧನೆ ಅಂತಲೇ ಟಿವಿಯಲ್ಲಿ ತೋರಿಸಿದರು. ಕಸದಿಂದ ರಸವಂತೆ.

"ಚಿತ್ರ ಒಳಗಡೆ ಬರೋ ಹಾಗೆ ಹೊಲಿ ಅಂದಿದ್ರು" ಅಂದಳು ದರ್ಜಿ ಅತ್ತಿಗೆ, ಚೀಲದ ಮೇಲಿನ ಅರ್ಧ ಮುಖ ನೋಡುತ್ತಾ. "ನಾನು ಹೊರಗಡೆ ಬರೋ ಹಾಗೆ ಹೊಲಿದೆ. ಮಾಡಿದ್ದು ಇವರು, ನೀರನ್ನ ಇವರೇ ಎದುರಿಸಲಿ ಅಂತ. ನೀನು ನೋಡಿದ್ರೆ ಮುಖಕ್ಕೆ ಸಿಮೆಂಟ್ ಬಳೀತಿದೀಯ."

ಗಾರೆಯಕ್ಕ ಮಂತ್ರಿಯ ಮೂಗಿನ ಮೇಲೆ ಒಂದು ಕರಣೆ ಗಾರೆ ಎಸೆದು ತೀಡಿದಳು.

"ಕೇಳಿಸ್ಕೊಂಡ್ಯಾ, ಗುಡ್ಡದ ಮನೆ ಹೋಯ್ತಂತೆ."

"ಯಾರಂದ್ರು?"

"ಕಚೇರಿಗೆ ಹೋಗಿದ್ದೆ. ಗೋಡೆ ಆದ ಮೇಲೆ ಅಪಾಯ ಎಲ್ಲಿದೆ, ಅಪಾಯ ಇಲ್ಲದ ಮೇಲೆ ನಿಮಗೆ ಗುಡ್ಡದ ಮೇಲೆ ಮನೆ ಯಾಕೆ ಅಂತಾರೆ. ಉದ್ಘಾಟನೆ ಆದ ದಿನವೇ ನಮ್ಮ ಓಣಿ ಸುರಕ್ಷಿತ ಅಂತ ಬರೆದು ಮುಗಿಸ್ತಾರಂತೆ."

ಗಾರೆಯಕ್ಕ ಗುಡ್ಡದ ಕಡೆ ನೋಡಿದಳು. ಹೋದ ವರ್ಷದ ನೀರಿನ ಮೇಲೆ ಈ ಓಣಿಯವರಿಗೇ ಅಂತ ಅಲ್ಲಿ ಕಟ್ಟಡ ಎದ್ದಿತ್ತು. ಕಿಟಕಿ ಕೂಡ ಇಟ್ಟಾಗಿತ್ತು. ನಾವು ಅಲ್ಲಿಗೆ ಹೋಗುತ್ತೇವೆ ಅಂತ ಹೇಳಿಕೊಂಡೇ ಓಣಿ ಒಂದು ವರ್ಷ ದೂಡಿತ್ತು. ಅವಳಿಗೆ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಬಾಂಡಲಿಯಲ್ಲಿ ಗಾರೆ ಗಟ್ಟಿಯಾಗುತ್ತಿತ್ತು. ನೀರು ಚಿಮುಕಿಸಿ ಕಲಸಿದಳು.

"ಗೊತ್ತಿದ್ದೂ ಬಳೀತೀಯಲ್ಲೇ" ಅಂದಳು ದರ್ಜಿ ಅತ್ತಿಗೆ.

"ನಾನಲ್ಲದಿದ್ರೆ ಇನ್ನೊಬ್ಬಳು ಬಳೀತಾಳೆ."

ಆ ಸರ್ಕಾರದ ಐದು ವರ್ಷ ಹೇಗಿತ್ತು ಅಂತ ಹೇಳಿಬಿಡಬೇಕು. ಮೊದಲ ವರ್ಷ ಗೋಡೆಗೆ ಶಂಕುಸ್ಥಾಪನೆ ಮಾಡಿದರು. ಕಪ್ಪು ಕಲ್ಲು, ಬಂಗಾರದ ಅಕ್ಷರ. ಆಮೇಲೆ ಸಮುದ್ರ ನಿಜವಾಗಲೂ ಏರುತ್ತಿದೆಯಾ ಅಂತ ನೋಡುವುದಕ್ಕೆ ಒಂದು ಸಮಿತಿ ಮಾಡಿದರು. ಸಮಿತಿ ನೋಡುತ್ತಿರುವಾಗಲೇ ಶಂಕುಸ್ಥಾಪನೆಯ ಕಲ್ಲು ನೀರೊಳಗೆ ಹೋಯಿತು. ಈಗ ಇಳಿತದ ಹೊತ್ತಿನಲ್ಲಿ ಅದರ ನೆತ್ತಿ ಕಾಣುತ್ತದೆ, ಮೇಲೆ ಏಡಿ ಕೂತಿರುತ್ತದೆ. ಅಲೆಯ ಹೊಡೆತ ತಿನ್ನುತ್ತಿದ್ದ ಉಪ್ಪುನೀರಿನ ಗಿಡಗಳ ಕಾಡನ್ನು ಹೋಟೆಲಿಗೆ ಬರೆದುಕೊಟ್ಟರು. ಕಲ್ಲಿದ್ದಲ ಸ್ಥಾವರದ ಹೊಗೆಕೊಳವೆ ಮುಚ್ಚುತ್ತೇವೆ ಅಂದವರು ಅದರ ಪಕ್ಕದಲ್ಲೇ ಇನ್ನೊಂದು ಎಬ್ಬಿಸಿದರು. ಮಂತ್ರಿ ವಿಮಾನ ಹತ್ತಿ ದೇಶದೇಶದ ಸಭೆಗೆ ಹೋಗಿ, ಭೂಮಿ ಬಿಸಿಯಾಗುತ್ತಿದೆ ಅಂತ ಗದ್ಗದನಾಗಿ ಮಾತಾಡಿ, ಒಂದು ಗಾಜಿನ ಪ್ರಶಸ್ತಿ ತಂದ. ಓಣಿಯವರು ಅವನಿಗೆ ಹವಾ ಮಂತ್ರಿ ಅಂತ ಹೆಸರಿಟ್ಟರು. ನಮ್ಮ ಕಾಲದಲ್ಲಿ ಸಮುದ್ರ ಒಂದು ಜೀವವನ್ನೂ ತೆಗೆದುಕೊಂಡಿಲ್ಲ ಅನ್ನುವುದು ಅವನ ದೊಡ್ಡ ಮಾತು.

ಈಗ ಹೋದ ವರ್ಷದ ಮಾತು.

ಮಾವನ ತಂಡದಲ್ಲಿ ಒಂದು ಕಟ್ಟಳೆ ಇತ್ತು. ಗೋಡೆ ಮುಗಿದು ಒಣಗಿದ ಮೇಲೆ ಕಟ್ಟಿದವನು ಅದಕ್ಕೆ ಬೆನ್ನು ಆನಿಸಿ ಕೂರಬೇಕು. ಕಾಲು ಚಾಚಿ, ಮೈಯ ಪೂರಾ ಭಾರ ಬಿಟ್ಟು. ಅಲ್ಲೇ ಕೂತು ಒಂದು ಲೋಟ ಟೀ ಕುಡಿದು ಏಳಬೇಕು. "ಬೆನ್ನು ಆನಿಸಾಯ್ತಾ?" ಅಂತ ಮನೆ ಯಜಮಾನ ಕೇಳುತ್ತಾನೆ. "ಆಯ್ತು" ಅನ್ನಬೇಕು. ಅಲ್ಲಿಗೆ ಗೋಡೆ ಯಜಮಾನನದು. ತನ್ನ ಬೆನ್ನು ಒಪ್ಪದ ಗೋಡೆಯನ್ನು ಮಾವ ಜೀವಮಾನದಲ್ಲಿ ಯಾರಿಗೂ ಒಪ್ಪಿಸಿದವನಲ್ಲ. ಕೂಲಿ ಹೋದರೂ ಸರಿ, ಕೆಡವಿ ಮತ್ತೆ ಕಟ್ಟುತ್ತಿದ್ದ.

ಹೋದ ವರ್ಷ ಮೊದಲ ಸಲ ಚೀಲ ಪೇರಿಸಿದಾಗ ಇಂಜಿನಿಯರ್ ಬಂದು, ಮರಳಿಗೆ ಸಿಮೆಂಟು ಬೆರೆಸಿದೆ, ನೀರು ಬಿದ್ದಷ್ಟೂ ಕಲ್ಲಾಗುತ್ತದೆ ಅಂದ. ಚೀಲಗಳು ತುಂಬಿ ಹೊಲಿದೇ ಬಂದಿದ್ದವು. ಮಾವ ನಂಬಿದ. ಬೆನ್ನು ಆನಿಸಿ ಕೂತ. ಓಣಿಯೆಲ್ಲ ನಿಂತು ನೋಡಿತು. ಟೀ ಕುಡಿದು ಎದ್ದು, "ಇರ್ರಿ, ಏನೂ ಆಗಲ್ಲ" ಅಂದ. ಗಂಟು ಮೂಟೆ ಕಟ್ಟಿಕೊಂಡವರು ಬಿಚ್ಚಿದರು.

ಅಮಾವಾಸ್ಯೆಯ ಭರತ, ಸಮುದ್ರ ಉಬ್ಬುವ ಹೊತ್ತು, ನಡು ಮಧ್ಯಾಹ್ನ. ಚೀಲದೊಳಗೆ ಬರೀ ಮರಳಿತ್ತು. ನಡುವಿನ ಸಾಲು ಜಾರಿತು, ಮೇಲಿನದು ಕುಸಿಯಿತು, ನೀರು ಓಣಿಗೆ ನುಗ್ಗಿತು. ಗಾರೆಯಕ್ಕ ಹೋಟೆಲಿನ ಕಲ್ಲುಗೋಡೆಯ ಸಂದಿಗಳಿಗೆ ಗಾರೆ ತುಂಬುತ್ತಿದ್ದಳು. ಮನೆಯಲ್ಲಿ ಮಾವ ಮತ್ತು ಅವಳ ಮಗಳು. ಮಗಳಿಗೆ ಜ್ವರ ಅಂತ ಶಾಲೆಗೆ ಕಳಿಸಿರಲಿಲ್ಲ. ಮುದುಕ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದ, ಇನ್ನೊಂದರಲ್ಲಿ ಮೊಮ್ಮಗಳನ್ನು ಹಿಡಿದ. ನೀರು ಇಳಿಯುವ ಹೊತ್ತಿಗೆ ಚೌಕಟ್ಟು ಹಿಡಿದ ಕೈ ಹಾಗೇ ಇತ್ತು, ಇನ್ನೊಂದು ಕೈ ಖಾಲಿ.

ಕಾಲು ಜಾರಿ ಬಿದ್ದು ಸಾವು ಅಂತ ಬರೆದರು. ಸಮುದ್ರ ಜೀವ ತೆಗೆಯುವುದಿಲ್ಲವಲ್ಲ.

ಅಂದಿನಿಂದ ಮಾವ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ಉಣ್ಣಿಸಿದರೆ ಉಣ್ಣುತ್ತಾನೆ. ಮಾತು ಬಿಟ್ಟ. ಗಂಡ ಊರು ಬಿಟ್ಟು ದೂರದ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಫೋನು ಮಾಡಿದರೆ ಎತ್ತುತ್ತಾನೆ, ಹೂಂ ಅನ್ನುತ್ತಾನೆ, ಇಡುತ್ತಾನೆ. ತಂಡದಲ್ಲಿ ಬೆನ್ನು ಆನಿಸುವುದು ತಾನಾಗೇ ನಿಂತುಹೋಯಿತು. ಯಾರೂ ಬೇಡ ಅನ್ನಲಿಲ್ಲ, ಯಾರೂ ಕೂರಲೂ ಇಲ್ಲ.

ಹೀಗೆ ಸತ್ತುಹೋಗಿದ್ದನ್ನು ಎಬ್ಬಿಸಿದವನು ಅಣ್ಣ. ಅವನ ಬಾಯಿ ಸುಮ್ಮನಿರುವುದಿಲ್ಲ. ಉದ್ಘಾಟನೆಯ ಹಿಂದಿನ ದಿನ ಪ್ರಚಾರದ ಹುಡುಗಿಯೊಬ್ಬಳು ಕ್ಯಾಮೆರಾದವನ ಜೊತೆ ಬಂದಳು. ಬಿಳಿ ಬೂಟು ಕೆಸರಾಗದ ಹಾಗೆ ಹಲಗೆಯಿಂದ ಹಲಗೆಗೆ ಹಾರುತ್ತಾ ಬಂದು, ಮೇಸ್ತ್ರಿಯ ಹತ್ತಿರ ನಯವಾಗಿ ಮಾತಾಡಿದಳು. ನಿಮ್ಮ ಕಸುಬಿನ ಬಗ್ಗೆ ಏನಾದರೂ ವಿಶೇಷ ಹೇಳಿ ಅಂದಳು. ಅಣ್ಣನಿಗೆ ಜನ್ಮದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಉಬ್ಬಿಹೋದ. ಬೆನ್ನು ಆನಿಸುವ ಕಥೆ ಪೂರ್ತಿ ಹೇಳಿದ. ಹೋದ ವರ್ಷದ್ದೊಂದು ಬಿಟ್ಟು.

"ಇದೇ ಬೇಕಾಗಿತ್ತು" ಅಂದಳು ಹುಡುಗಿ. "ನಾಳೆ ಟೇಪ್ ಕತ್ತರಿಸಿದ ಮೇಲೆ ಕಟ್ಟಿದವರು ಒರಗಿ ಕೂರ್ತಾರೆ, ಮಂತ್ರಿಗಳು ಕೈಯಾರೆ ಟೀ ಕೊಡ್ತಾರೆ. ಕಟ್ಟಿದವರು ಯಾರು?"

ಅಣ್ಣನ ಕಣ್ಣು ತಂಗಿಯ ಕಡೆ ಹೋಯಿತು. ಅಷ್ಟು ಹೊತ್ತಿಗೆ ಅವನ ಮುಖ ಇಳಿದಿತ್ತು.

"ಹೆಂಗಸಾ?" ಹುಡುಗಿಗೆ ಇನ್ನೂ ಖುಷಿ. "ಇದೇ ಓಣಿಯವರಾ? ಗೋಡೆ ಹಿಂದೇನೇ ಮನೆನಾ? ಅಯ್ಯೋ, ಇದಕ್ಕಿಂತ ಇನ್ನೇನು ಬೇಕು."

ಸಂಜೆ ಅಣ್ಣ ಮನೆಗೆ ಬಂದ. ಬಾಗಿಲ ಹತ್ತಿರವೇ ನಿಂತ. ಗಾರೆಯಕ್ಕ ಮಾವನಿಗೆ ಉಣ್ಣಿಸುತ್ತಿದ್ದಳು. ಮುದುಕ ಗೋಡೆ ನೋಡುತ್ತಲೇ ಬಾಯಿ ತೆರೆಯುತ್ತಿದ್ದ.

"ಒಂದು ನಿಮಿಷದ ಕೆಲಸ" ಅಂದ ಅಣ್ಣ. "ಕೂತು ಎದ್ದುಬಿಡು. ಭಾರ ಬಿಡಬೇಡ, ಸುಮ್ನೆ ತಾಗಿಸು. ಯಾರಿಗೆ ಗೊತ್ತಾಗುತ್ತೆ."

"ನಂಗೆ ಗೊತ್ತಾಗುತ್ತೆ."

"ನನ್ನ ನಾಲಿಗೆಗೆ ಬೆಂಕಿ ಬೀಳ, ಹೇಳಿಬಿಟ್ಟೆ. ಈಗ ಇಲ್ಲ ಅಂದ್ರೆ ತಂಡಕ್ಕೆ ಇನ್ನು ಕೆಲಸ ಕೊಡಲ್ಲ. ಹೋಟೆಲಿಂದೂ ಹೋಗುತ್ತೆ. ಸರ್ಕಾರ ಹೋದ್ರೂ ಗುತ್ತಿಗೆದಾರ ಹೋಗಲ್ಲ ಕಣೇ, ಅವನು ಇಲ್ಲೇ ಇರ್ತಾನೆ. ಹನ್ನೆರಡು ಮನೆ ಒಲೆ ನಿನ್ನ ಕೈಲಿದೆ."

ಅವಳು ತುತ್ತು ಕಲಸಿದಳು. "ಹೋಗಣ್ಣ" ಅಂದಳು. ಕೋಪದಿಂದ ಅಲ್ಲ. ಆಗಲಿ ಅಂದಳಾ, ಆಗಲ್ಲ ಅಂದಳಾ, ಅಣ್ಣನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ. ಮಾವ ಮಾತ್ರ ಆಮೇಲೆ ಬಾಯಿ ತೆರೆಯಲಿಲ್ಲ. ಎಷ್ಟು ಕರೆದರೂ ತೆರೆಯಲಿಲ್ಲ. ತಟ್ಟೆ ಹಾಗೇ ಮುಚ್ಚಿಟ್ಟಳು.

ಮಾರನೆಯ ದಿನ ಪೆಂಡಾಲು ಹಾಕಿದ್ದರು. ಪೆಂಡಾಲು ವೇದಿಕೆಗೆ ಮಾತ್ರ. ವೇದಿಕೆಯ ಎರಡೂ ಕಡೆ ಆಳೆತ್ತರದ ಕೂಲರು, ಮಂತ್ರಿಯ ಕೂದಲು ಹಾರುವಷ್ಟು ಗಾಳಿ. ಜನ ಬಿಸಿಲಲ್ಲಿ. ಟಿವಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಓಣಿಯವರನ್ನು ಗೋಡೆಯ ಉದ್ದಕ್ಕೂ ಸಾಲಾಗಿ ನಿಲ್ಲಿಸಿದ್ದರು. ಕೈಗೊಂದು ಹಸಿರು ಬಾವುಟ. ಗಾರೆಯಕ್ಕನ ತಲೆಗೆ ಹೊಸ ವಸ್ತ್ರ ಕಟ್ಟಿದ್ದರು. ಅವಳ ಹಳೆಯದು ಕೊಳೆಯಾಗಿತ್ತಂತೆ. ಪ್ರಚಾರದ ಹುಡುಗಿ ಅವಳ ಕೆನ್ನೆಗೆ ಬೆರಳಿಂದ ಸ್ವಲ್ಪ ಸಿಮೆಂಟು ಹಚ್ಚಿದಳು. ಕೆಲಸ ಮಾಡಿದವಳ ಹಾಗೆ ಕಾಣಬೇಕಂತೆ. ಅವಳು ಹಚ್ಚಿಸಿಕೊಂಡಳು.

ಮಂತ್ರಿ ಮಾತಾಡಿದ. ನಮ್ಮಷ್ಟು ಪರಿಸರಕ್ಕೆ ದುಡಿದ ಸರ್ಕಾರ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ ಅಂದ. ಕೊಟ್ಟ ಮಾತು ಉಳಿಸಿಕೊಂಡು ಹೊರಟಿದ್ದೇವೆ ಅಂದ. ನಮ್ಮ ಕಾಲದಲ್ಲಿ ಸಮುದ್ರ ಒಂದು ಜೀವವನ್ನೂ ತೆಗೆದುಕೊಳ್ಳಲಿಲ್ಲ ಅಂದ. ಆ ಮಾತಿಗೆ ಬಾವುಟ ಆಡಿಸಬೇಕು ಅಂತ ಹೇಳಿಕೊಟ್ಟಿದ್ದರು. ಕೆಲವರು ಆಡಿಸಿದರು. ದರ್ಜಿ ಅತ್ತಿಗೆ ಬಾವುಟದಿಂದ ಬೆನ್ನು ಕೆರೆದುಕೊಂಡಳು.

ಟೇಪು ಕತ್ತರಿಸಿದರು. ಚಪ್ಪಾಳೆ. ಮೈಕು ಹಿಡಿದವನು ಮಂತ್ರಿಯ ಹಿಂದೆಯೇ ಗೋಡೆಯ ಹತ್ತಿರ ಬಂದ. ನೆಲಕ್ಕೆ ಚಾಪೆ ಹಾಸಿದ್ದರು. ತಟ್ಟೆಯಲ್ಲಿ ಪಿಂಗಾಣಿ ಕಪ್ಪು, ಅದರಲ್ಲಿ ಟೀ. ಪ್ರಚಾರದ ಹುಡುಗಿ ಗಾರೆಯಕ್ಕನ ಭುಜ ಹಿಡಿದು ಚಾಪೆಯ ಕಡೆ ತಳ್ಳಿದಳು.

"ಒರಗಿಕೊಳ್ಳಮ್ಮ" ಅಂದ ಮಂತ್ರಿ, ಕ್ಯಾಮೆರಾ ನೋಡುತ್ತಾ.

ಅವಳು ಚಾಪೆಯ ತನಕ ಹೋದಳು. ಗೋಡೆಗೆ ಬೆನ್ನು ತಿರುಗಿಸಿದಳು. ಬಿಸಿಲಿಗೆ ಕಾದ ಸಿಮೆಂಟಿನ ಝಳ ರವಿಕೆಗೆ ತಾಗಿತು. ಎರಡೂ ಕಡೆ ಗೋಡೆಯುದ್ದಕ್ಕೂ ಓಣಿಯವರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹೋದ ವರ್ಷ ಮಾವನನ್ನು ನೋಡಿದ್ದ ಹಾಗೆಯೇ. ಕೆಲವರ ಮುಖದಲ್ಲಿ ಅದೇ ಆಸೆಯೂ ಇತ್ತು, ಗಾರೆಯಕ್ಕ ಕೂತರೆ ಈ ಗೋಡೆ ನಿಲ್ಲಬಹುದೇನೋ ಅಂತ. ಅದನ್ನು ಕಂಡು ಅವಳ ಮಂಡಿ ಮಡಚಲಿಲ್ಲ.

"ಆನಿಸಲ್ಲ" ಅಂದಳು.

"ಏನಂತಾಳೆ?"

"ಬೆನ್ನು ಆನಿಸಲ್ಲ. ಇದು ಗೋಡೆ ಅಲ್ಲ."

ಅಣ್ಣ ಓಡಿ ಬಂದ. ಕೈ ಹಿಡಿದ. "ಕೂತ್ಕೊಳ್ಳೇ, ನಿನ್ನ ಕಾಲಿಗೆ ಬೀಳ್ತೀನಿ" ಅಂದ. ನಿಜವಾಗಲೂ ಬಗ್ಗಿದ. ಅವಳು ಅವನ ಭುಜ ಹಿಡಿದು ಎತ್ತಿದಳು. ಮಂತ್ರಿ ನಕ್ಕ. ಐದು ವರ್ಷ ನಕ್ಕು ಅಭ್ಯಾಸ ಇದ್ದವನು.

"ನಾಚಿಕೆ ಪಾಪ" ಅಂದ ಮೈಕಿನಲ್ಲಿ. "ನಾನೂ ಜೊತೆಗೆ ಕೂತ್ಕೊಂಡ್ರೆ ಕೂತ್ಕೊಳ್ತಾಳೆ."

"ನೀವು ಕೂತ್ಕೊಳ್ಳಿ" ಅಂದಳು ಗಾರೆಯಕ್ಕ. ದನಿ ಏರಿರಲಿಲ್ಲ. "ಕಾಲು ಚಾಚಿ, ಪೂರಾ ಭಾರ ಬಿಟ್ಟು ಕೂತ್ಕೊಳ್ಳಿ. ಟೀ ನಾನು ಕೊಡ್ತೀನಿ."

ಚಾಪೆಯ ಮೇಲಿದ್ದ ತಟ್ಟೆ ತೆಗೆದುಕೊಂಡು ನಿಂತಳು. ಮಂತ್ರಿಗೆ ಬೇರೆ ದಾರಿ ಇರಲಿಲ್ಲ. ಪಂಚೆ ಎತ್ತಿ, ತಿರುಗಿ, ಬೆನ್ನನ್ನು ಗೋಡೆಯ ಕಡೆ ತಂದ. ಅಷ್ಟರಲ್ಲಿ ಇಂಜಿನಿಯರ್ ಹಾರಿ ಬಂದು ಅವನ ತೋಳು ಗಪ್ಪನೆ ಹಿಡಿದ.

"ಬೇಡ ಸರ್" ಅಂದ. "ಬಿದ್ದುಬಿಡುತ್ತೆ."

ಮೈಕು ಅಲ್ಲೇ ಇತ್ತು. ಹೋಟೆಲಿನವರೆಗೆ ಕೇಳಿಸಿತು.

ಇಂಜಿನಿಯರ್ ನಾಲಿಗೆ ಕಚ್ಚಿಕೊಂಡು, ಹಸಿ ಇದೆ, ಬಣ್ಣ ಹತ್ತುತ್ತೆ ಅಂದೆ ಸರ್, ಅಂತೆಲ್ಲ ಅಂದ. ಯಾರು ಕೇಳುತ್ತಾರೆ. ಗೋಡೆಗೆ ಹತ್ತಿಕೊಂಡು ನಿಂತಿದ್ದ ಓಣಿಯ ಜನ ಒಬ್ಬೊಬ್ಬರಾಗಿ ಮುಂದೆ ಸರಿದರು. ಯಾರೂ ಕೂಗಲಿಲ್ಲ. ಮುದುಕರು, ಕಂಕುಳಲ್ಲಿ ಮಗು ಇದ್ದವರು, ಎಲ್ಲ ಎರಡು ಹೆಜ್ಜೆ ಮುಂದೆ ಬಂದು ನಿಂತರು, ಅಷ್ಟೇ. ಬಾವುಟಗಳು ಕೆಳಗೆ ಬಿದ್ದಿದ್ದವು. ಟೀ ತಣ್ಣಗಾಯಿತು. ಗಾರೆಯಕ್ಕ ಅದನ್ನು ತಾನೇ ಕುಡಿದು ಕಪ್ಪು ಕೊಟ್ಟಳು. ಆಮೇಲೆ ಪೊಲೀಸಿನವಳೊಬ್ಬಳು ಬಂದು ಅವಳನ್ನು ಆ ಕಡೆ ನಡಿ ಅಂದಳು. ನಡೆದಳು.

ಇಷ್ಟಾದರೂ ಮಾರನೆಯ ದಿನದ ಪೇಪರಿನಲ್ಲಿ ಫೋಟೋ ಬಂತು. ಹೆಂಗಸೊಬ್ಬಳು ಗೋಡೆಗೆ ಒರಗಿ ನಗುತ್ತಾ ಟೀ ಕುಡಿಯುತ್ತಿದ್ದಾಳೆ. ತಲೆಗೆ ಅದೇ ಹೊಸ ವಸ್ತ್ರ. ಸಮುದ್ರದ ಗೋಡೆ ಪೂರ್ಣ, ಓಣಿ ಇನ್ನು ಸುರಕ್ಷಿತ ಅಂತ ಕೆಳಗೆ ಬರೆದಿತ್ತು.

"ಇವಳು ಹೋಟೆಲಿನ ಪಾತ್ರೆ ತೊಳೆಯೋಳು" ಅಂದಳು ದರ್ಜಿ ಅತ್ತಿಗೆ, ಪೇಪರು ಕಣ್ಣಿಗೆ ಹಿಡಿದು. "ಗೋಡೆನೂ ಹೋಟೆಲಿಂದೇ. ಕಲ್ಲು ಕಾಣ್ತಿದೆ ನೋಡು. ಪಾಪ, ಹೇಳಿದ ಕಡೆ ಒರಗಿದಾಳೆ. ಟೀ ಆದರೂ ಬಿಸಿ ಇತ್ತೋ ಏನೋ."

ಓಣಿ ನಕ್ಕಿತು. ಗುಡ್ಡದ ಕಟ್ಟಡದ ಗೇಟಿಗೆ ಬೀಗ ಬಿದ್ದಿತ್ತು. ಅಣ್ಣನ ತಂಡಕ್ಕೆ ಕೆಲಸ ನಿಂತಿತ್ತು. ಅವನು ಎದುರು ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಹಳೆ ಸರ್ಕಾರ ಹೂವಿನ ಹಾರ ಹಾಕಿಸಿಕೊಂಡು ಇಳಿಯಿತು, ಹೊಸದು ಹೂವಿನ ಹಾರ ಹಾಕಿಸಿಕೊಂಡು ಏರಿತು. ಮುಗಿದ ಕಾಮಗಾರಿಗಳನ್ನು ನೋಡಿ ವಹಿಸಿಕೊಳ್ಳುವುದಕ್ಕೆ ಹೊಸ ಅಧಿಕಾರಿ ಬರುತ್ತಾನೆ ಅಂತ ಸುದ್ದಿ ಬಂತು. ಅವನು ನೋಡಿ ಒಪ್ಪಿದರೆ ಮುಗಿಯಿತು. ಇನ್ನು ಯಾವ ಸರ್ಕಾರ ಬಂದರೂ ಅಲ್ಲಿ ಗೋಡೆ ಇದೆ, ಇವರಿಗೆ ಮನೆ ಇಲ್ಲ.

ಅವನು ಬರುವ ದಿನ ಬೆಳಿಗ್ಗೆ ಗಾರೆಯಕ್ಕ ಮಾವನಿಗೆ ಮುಖ ತೊಳೆಸಿ, ಸುತ್ತಿಗೆಯನ್ನೂ ಕರಣೆಯನ್ನೂ ತೆಗೆದುಕೊಂಡು ಹೊರಗೆ ಬಂದಳು. ಯಾರಿಗೂ ಏನೂ ಹೇಳಲಿಲ್ಲ. ತಾನು ಮೆತ್ತಿದ ಗೋಡೆಯ ಮುಂದೆ ಕೂತು ಒಂದು ಪೆಟ್ಟು ಹಾಕಿದಳು. ಅಂಗೈ ಅಗಲ ಸಿಮೆಂಟು ಉದುರಿತು. ಒಳಗಿಂದ ಮಂತ್ರಿಯ ಒಂದು ಕಣ್ಣು ಹೊರಗೆ ಬಂತು.

ದರ್ಜಿ ಅತ್ತಿಗೆ ಹೊಲಿಗೆ ಬಿಟ್ಟು ಓಡಿ ಬಂದಳು. "ಏನೇ ಮಾಡ್ತಿದೀಯ. ಚೀಲ ಬಿದ್ದೋದ್ರೆ?"

"ಸಿಮೆಂಟು ಚೀಲವನ್ನ ಹಿಡಿದಿರಲಿಲ್ಲ ಅತ್ತಿಗೆ. ಚೀಲವೇ ಸಿಮೆಂಟ್ ಹಿಡಿದಿತ್ತು."

ದರ್ಜಿ ಅತ್ತಿಗೆ ಮನೆಗೆ ಹೋಗಿ ಜಾಲರಿ ಕತ್ತರಿಸಲು ತನ್ನ ಹಳೆ ಕತ್ತರಿ ತಂದಳು. ಇನ್ನಿಬ್ಬರು ಹೆಂಗಸರು ಬಂದರು. ಕಬ್ಬಿಣದ ಸಲಾಕೆ ಹಿಡಿದು ಒಬ್ಬ ಮುದುಕ ಬಂದ. ಹಗಲು ಹೊತ್ತು, ಎಲ್ಲರ ಕಣ್ಣೆದುರಿಗೆ, ಕದ್ದುಮುಚ್ಚಿ ಏನಿಲ್ಲ. ಸದ್ದು ಕೇಳಿ ಅಣ್ಣನೂ ಬಂದ. ಅವನ ಕಣ್ಣು ಕೆಂಪಾಗಿತ್ತು. ಅವನು ಬೈಯುತ್ತಾನೆ ಅಂತ ಎಲ್ಲರೂ ಕೈ ನಿಲ್ಲಿಸಿದರು. ಅವನು ತಂಗಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡ.

"ಮೇಲಿಂದ ಶುರು ಮಾಡ್ಬೇಕು" ಅಂದ. "ಕೆಳಗಿಂದ ಕಿತ್ರೆ ತಲೆ ಮೇಲೆ ಬೀಳುತ್ತೆ. ಇಷ್ಟೂ ಗೊತ್ತಿಲ್ವಾ ನಿಂಗೆ."

ಏಣಿ ಹಾಕಿದ. ಅವನು ಮೇಲೆ ಒಡೆದ, ಅವಳು ಕೆಳಗೆ ಕರಣೆಯಿಂದ ಕೆರೆದಳು. ಬಳಿಯುವುದಕ್ಕೆ ಹಿಡಿದಿದ್ದಕ್ಕಿಂತ ಬೇಗ ಆಯಿತು. ಸಿಮೆಂಟಿನ ಪುಡಿ ಬೆವರಿಗೆ ಕಲಸಿ ಮೈಯೆಲ್ಲ ಗಟ್ಟಿಯಾಯಿತು. ಅವಳು ಬಾಂಡಲಿ ಬಾಂಡಲಿ ಚೂರು ಹೊತ್ತು ಬದಿಗೆ ಸುರಿದಳು. ಹಸಿರು ಅಕ್ಷರಗಳು ಕಂಡವು. ಅರ್ಧ ನಗು, ಮುಗಿದ ಕೈ, ಕನ್ನಡಕ, ಮತ್ತೆ ನಗು. ಚೀಲದಿಂದ ಚೀಲಕ್ಕೆ ಹವಾ ಮಂತ್ರಿ ಸಮುದ್ರದ ಅಂಚಿನುದ್ದಕ್ಕೂ ನಗುತ್ತಾ ಕೂತಿದ್ದ, ಹೊಟ್ಟೆ ತುಂಬ ಮರಳು.

ಅಧಿಕಾರಿ ಬಂದಾಗ ಇನ್ನೂ ಸ್ವಲ್ಪ ಉಳಿದಿತ್ತು. ವಯಸ್ಸಾದ ಮನುಷ್ಯ, ಹೊಸ ಬೂಟು. ಒಮ್ಮೆ ಚೀಲಗಳನ್ನು ನೋಡಿದ, ಒಮ್ಮೆ ಕೈಯಲ್ಲಿದ್ದ ಕಾಗದ ನೋಡಿದ.

"ಗೋಡೆ ಎಲ್ಲಿ?"

"ಇದೇ" ಅಂದಳು ಗಾರೆಯಕ್ಕ. "ಬೆನ್ನು ಆನಿಸಿ ನೋಡಿ."

ಅವನು ಚೀಲವನ್ನು ಬೆರಳಿಂದ ಒತ್ತಿದ. ಬೆರಳು ಒಳಗೆ ಹೋಯಿತು. ಅವನೂ ಬೆನ್ನು ಆನಿಸಲಿಲ್ಲ. ಸರ್ಕಾರಿ ಆಸ್ತಿ ಒಡೆದಿದ್ದೀರಿ, ಇದಕ್ಕೆ ಕೇಸಾಗುತ್ತದೆ ಅಂದ. ಆಗಲಿ ಅಂದಳು. ಅವನು ಪೆನ್ನು ತೆಗೆದ.

"ಹಾಗಾದ್ರೆ ಗೋಡೆ ಇಲ್ಲ ಅಂತ ಬರೀಬೇಕಾಗುತ್ತೆ."

"ಬರೀರಿ."

"ಯಾರು ಹೇಳಿದ್ದು ಅಂತ?"

"ಬಳಿದವಳು ಹೇಳಿದ್ದು ಅಂತ ಬರೀರಿ. ಇನ್ನೊಂದು ಬರೀರಿ. ಹೋದ ವರ್ಷ ಇದೇ ಜಾಗದಲ್ಲಿ ನನ್ನ ಮಗಳು ಸತ್ತಳು. ಕಾಲು ಜಾರಿ ಅಲ್ಲ. ನೀರು ಬಂದು. ಇಲ್ಲಿ ಬರೀ ಮರಳಿತ್ತು, ಅದಕ್ಕೆ."

ಅವನು ಬರೆದ. ಏನು ಬರೆದನೋ. ಗುಡ್ಡದ ಬೀಗದ ಬಗ್ಗೆ ಕೇಳಿದರೆ, ಮೇಲಿನವರು ನೋಡ್ತಾರೆ ಅಂದ. ಈ ಮಾತನ್ನು ಓಣಿ ಮೊದಲೂ ಕೇಳಿತ್ತು. ಆದರೆ ಗೋಡೆ ಇದೆ ಅಂತ ಯಾರೂ ಇನ್ನು ಹೇಳುವ ಹಾಗಿರಲಿಲ್ಲ. ಕಾರು ಹೊರಟು ಹೋಯಿತು. ಅಣ್ಣ ಏಣಿ ಇಳಿಸಿ, ಉಳಿದ ಜಾಲರಿ ಸುತ್ತಿ ಇಟ್ಟ. ದರ್ಜಿ ಅತ್ತಿಗೆ ಎಲ್ಲರಿಗೂ ಟೀ ಕೊಟ್ಟಳು. ಎಲ್ಲರೂ ನಿಂತೇ ಕುಡಿದರು.

ಗಾರೆಯಕ್ಕ ಮನೆಗೆ ಬಂದಳು. ಬಚ್ಚಲ ಬಾಗಿಲಲ್ಲಿ ಕೂತು ಕೈ ಮೇಲೆ ಚೊಂಬಿನ ನೀರು ಸುರಿದುಕೊಂಡಳು.

ಉರಿಯಿತು.

ಮೊದಲು ಏನಾಯಿತೆಂದು ತಿಳಿಯಲಿಲ್ಲ. ಇನ್ನೊಮ್ಮೆ ಸುರಿದಳು. ಬೆರಳ ಸಂದಿಯಿಂದ ಎದ್ದ ಉರಿ ಮೊಣಕೈವರೆಗೆ ಓಡಿತು. ಬೆರಳುಗಳ ಚರ್ಮವನ್ನು ಸಿಮೆಂಟು ಪೂರ್ತಿ ತಿಂದಿತ್ತು, ಒಳಗಿನ ಕೆಂಪು ಮಾಂಸ ಕಾಣುತ್ತಿತ್ತು. ಒಂದು ವರ್ಷದಿಂದ ಇದೇ ಕೈಯಲ್ಲಿ ಅಡುಗೆ ಮಾಡಿದ್ದಳು, ಬಟ್ಟೆ ಒಗೆದಿದ್ದಳು, ಮಗಳ ಸಣ್ಣ ಚಪ್ಪಲಿಯನ್ನು ಎತ್ತಿ ಕಪಾಟಿನಲ್ಲಿ ಇಟ್ಟಿದ್ದಳು. ಯಾವತ್ತೂ ಹೀಗೆ ಉರಿದಿರಲಿಲ್ಲ. ಅವಳು ಕೈಗಳನ್ನು ಮುಂದೆ ಹಿಡಿದುಕೊಂಡು ಅತ್ತಳು. ಜೋರಾಗಿ ಅತ್ತಳು. ಮಗಳನ್ನು ಕರೆದು ಅತ್ತಳು.

"ಮಾವ" ಅಂದಳು ಆಮೇಲೆ, ಒಳಗಿನ ಮಂಚಕ್ಕೆ ಕೇಳಿಸುವ ಹಾಗೆ. "ಬೆನ್ನು ಆನಿಸಲಿಲ್ಲ. ಕೈ ತುಂಬ ಉರೀತಿದೆ."

ಮಂಚ ಕಿರ್ರೆಂದಿತು. ಮುದುಕ ಈ ಕಡೆ ತಿರುಗಿದ್ದ. ವರ್ಷದಿಂದ ಮಾತಾಡದ ಗಂಟಲು, ಮೊದಲು ಬರೀ ಗಾಳಿ ಬಂತು.

"ಎಣ್ಣೆ ಹಚ್ಕೋ" ಅಂದ. "ತಾ ಇಲ್ಲಿ, ನಾನು ಹಚ್ತೀನಿ."